ತಾಯಿ ಮನೆಯಲ್ಲಿಲ್ಲದ ವೇಳೆ ಶಿಶುವಿಗೆ ಎದೆಹಾಲು

ತಾಯಿಯ ಹಾಲಿಗೆ ಸಮನಾದ ಆಹಾರ ಶಿಶುವಿಗೆ ಮತ್ತೊಂದಿಲ್ಲವೆಂಬುದು ನಿಮಗೆ ತಿಳಿದ ವಿಷಯವೇ. ಹುಟ್ಟಿದಂದಿನಿಂದ 6 ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಸಾಕು. ನೀರಾಗಲಿ, ಜೇನಾಗಲಿ, ಹಸುವಿನ ಹಾಲಾಗಲಿ ಬೇಕಿಲ್ಲ. ಆದರೆ ಬಾಣಂತನ ಮುಗಿಸಿಕೊಂಡು ತವರಿನಿಂದ ಮರಳಿದ ತಾಯಿ ನಾಟಿಗೋ, ಕಳೆ ಕೀಳುವುದಕ್ಕೋ, ಕಾಫಿ ತೋಟಕ್ಕೋ, ಗಾರ್ಮೆಂಟ್ಸ್ ಕಾರ್ಖಾನೆಗೋ ಹೋಗಬೇಕಾಗಿ ಬಂದಾಗ ಮಗುವಿನ ಗತಿಯೇನು? ಅನೇಕ ಮನೆಗಳಲ್ಲಿ ಅಂದಿನಿಂದಲೇ ಹಸುವಿನ ಹಾಲಿಗೆ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸಲಾರಂಭಿಸುತ್ತಾರೆ. ಅದರ ಬೆನ್ನಿಗೇ ಭೇದಿಯೂ ಮನೆಯನ್ನು ಹೊಗುತ್ತದೆ.

ಒಮ್ಮೆ ನಾಟಿಯ ಕಾಲದಲ್ಲಿ 3 ತಿಂಗಳ ಹೆಣ್ಣುಕೂಸೊಂದನ್ನು ಅದರ ಅಜ್ಜಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಬಂದರು. ಕೂಸಿನ ಕಣ್ಣು ಗುಳಿಬಿದ್ದಿತ್ತು, ನೆತ್ತಿ ಕುಸಿದಿತ್ತು, ಅಳುವ ಶಕ್ತಿಯೂ ಉಳಿದಿರಲಿಲ್ಲ. ಸುದ್ದಿ ತಿಳಿದು ತಾಯಿ ಗದ್ದೆಯಿಂದ ಓಡಿ ಬಂದಳು. ಆಕೆಯ ರವಿಕೆ ಹಾಲಿನಿಂದ ತೊಯ್ದಿತ್ತು. ಇಷ್ಟು ಹಾಲುಳ್ಳ ತಾಯಿಯ ಮಗು ಬಾಟಲಿಯ ಹಾಲಿನಿಂದ ಸಾವಿನ ಬಾಗಿಲಿಗೆ ಹೋಗಿತ್ತು. ತಾಲ್ಲೂಕು ಆಸ್ಪತ್ರೆಯ ಚಿಕಿತ್ಸೆಯಿಂದ ಕೂಸು ಚೇತರಿಸಿಕೊಂಡಿತು. ಮನೆಗೆ ಮರಳುವ ದಿನ ಆ ತಾಯಿ, "ಕೆಲಸಕ್ಕೆ ಹೋಗದಿದ್ದರೆ ಆಗೋದಿಲ್ಲ ಡಾಕ್ಟ್ರೇ, ಹೋದರೆ ಹಾಲು ಹೇಗೆ ಕೊಡಲಿ?" ಎಂದು ಕೇಳಿದಳು. ಆಕೆಗೆ ಹೇಳಿದ ಉತ್ತರವನ್ನೇ ಇಲ್ಲಿ ನಿಮಗೂ ವಿವರಿಸುತ್ತೇನೆ.

ಹಾಲನ್ನು ಹಿಂಡಿ ಇಡಬಹುದೇ?

ನಿಸ್ಸಂದೇಹವಾಗಿ ಇಡಬಹುದು. ಎದೆಹಾಲಿನಲ್ಲಿ ರೋಗಾಣುಗಳನ್ನು ತಡೆಯುವ ಅಂಶಗಳಿವೆ. ಆದುದರಿಂದ ಶುಚಿಯಾಗಿ ಹಿಂಡಿ ಮುಚ್ಚಿಟ್ಟ ಹಾಲು ಕೆಲವು ಗಂಟೆಗಳ ಕಾಲ ಕೆಡದೆ ಉಳಿಯುತ್ತದೆ. ಇದು ಹೊಸ ಪ್ರಯೋಗವೂ ಅಲ್ಲ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿಯೇ ತಾಯಿಹಾಲಿನ ಬ್ಯಾಂಕ್ ಆರಂಭವಾಯಿತು. ಇಂತಹ ಬ್ಯಾಂಕುಗಳಲ್ಲಿ ತಾಯಂದಿರು ದಾನವಾಗಿ ಕೊಟ್ಟ ಹಾಲನ್ನು ಪರೀಕ್ಷಿಸಿ, 62.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಕಾಯಿಸಿ, ಮಂಜುಗಟ್ಟಿಸಿ ಇಟ್ಟು, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಕೊಡುತ್ತಾರೆ. ಆದರೆ ಪರೀಕ್ಷೆಯಿಲ್ಲದೆ ಒಬ್ಬ ತಾಯಿಯ ಹಾಲನ್ನು ಇನ್ನೊಬ್ಬರ ಮಗುವಿಗೆ ಮನೆಯಲ್ಲಿ ಕೊಡುವುದು ತರವಲ್ಲ.

ಹಿಂಡಿದರೆ ಹಾಲು ಬತ್ತುವುದೆಂದು ಹಲವರು ಹೆದರುತ್ತಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧವಾದುದು. ಎದೆ ಬರಿದಾದಷ್ಟೂ ಹಾಲು ಹೆಚ್ಚಾಗಿ ಊರುತ್ತದೆ. ತೆಗೆಯದೆ ಬಿಟ್ಟರೆ ಎದೆ ಕಟ್ಟಿ, ಕ್ರಮೇಣ ಹಾಲು ಕಡಿಮೆಯಾಗುತ್ತದೆ. ಬಿಸಿಲಿನಲ್ಲಿ ದುಡಿದು ಬಂದವಳ ಹಾಲು ಕಾದಿರುತ್ತದೆ, ಮೊದಲ ಹಾಲನ್ನು ಚೆಲ್ಲಬೇಕು ಎಂಬ ಮಾತಿಗೂ ಆಧಾರವಿಲ್ಲ. ಬಿಸಿಲಿನ ಕಾವು ಎದೆಯೊಳಗಿನ ಹಾಲನ್ನು ಕೆಡಿಸಲಾರದು. ನೀರು ಕುಡಿದು, ಕೈ ಮತ್ತು ಎದೆಯ ಬೆವರು ತೊಳೆದುಕೊಂಡು ಕೂಡಲೇ ಹಾಲೂಡಿಸಿರಿ.

ಹಿಂಡುವ ಕ್ರಮ

ಮುಚ್ಚಳವಿರುವ ಸ್ಟೀಲಿನ ಲೋಟ ಅಥವಾ ಡಬ್ಬಿಯನ್ನು ಸೋಪಿನಿಂದ ತೊಳೆದು, 10 ನಿಮಿಷ ನೀರಿನಲ್ಲಿ ಕುದಿಸಿ, ಬಟ್ಟೆಯಿಂದ ಒರೆಸದೆ ಆರಲು ಬಿಡಿ. ಕೈಗಳನ್ನು ಸೋಪು ಹಚ್ಚಿ ತೊಳೆದುಕೊಳ್ಳಿ. ನೆಮ್ಮದಿಯಾಗಿ ಕುಳಿತು, ಮೊಲೆತೊಟ್ಟಿನ ಸುತ್ತಲಿರುವ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳನ್ನು ಮೇಲೆಯೂ ತೋರುಬೆರಳನ್ನು ಕೆಳಗೂ ಇರಿಸಿರಿ. ಮೊದಲು ಎದೆಯ ಗೂಡಿನ ಕಡೆಗೆ ಮೆಲ್ಲಗೆ ಒತ್ತಿ, ಬಳಿಕ ಬೆರಳುಗಳನ್ನು ಪರಸ್ಪರ ಅದುಮಿರಿ, ಒತ್ತಿರಿ, ಬಿಡಿರಿ. ತೊಟ್ಟನ್ನು ಎಳೆಯಬೇಡಿ, ಚರ್ಮವನ್ನು ಉಜ್ಜಬೇಡಿ. ಮೊದಲಿಗೆ ಹನಿಯೂ ಬಾರದಿದ್ದರೆ ನಿರಾಶರಾಗಬೇಡಿ. ಬೆರಳುಗಳ ಸ್ಥಾನವನ್ನು ಸುತ್ತಲೂ ಬದಲಿಸುತ್ತಾ ಎರಡೂ ಎದೆಗಳಿಂದ ಹಿಂಡಿರಿ. ಇದಕ್ಕೆ 20ರಿಂದ 30 ನಿಮಿಷ ಬೇಕಾಗುತ್ತದೆ. ನೋವಾದರೆ ಕ್ರಮ ತಪ್ಪಿದೆಯೆಂದು ತಿಳಿದು ಆರೋಗ್ಯ ಸಹಾಯಕಿಯಿಂದ ಕಲಿತುಕೊಳ್ಳಿ.

ಇಡುವ ಕ್ರಮ

ಮುಖ್ಯವಾದ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಿ. ಶೀತವು ರೋಗಾಣುಗಳ ಬೆಳವಣಿಗೆಯನ್ನು ತಡೆಯುತ್ತದೆಯೇ ಹೊರತು ಅವುಗಳನ್ನು ಕೊಲ್ಲುವುದಿಲ್ಲ. ಕೊಳೆಯಾದ ಕೈಯಿಂದ ಹಿಂಡಿದ ಹಾಲನ್ನು ಫ್ರಿಜ್ ಶುದ್ಧಗೊಳಿಸಲಾರದು. ಶುಚಿತ್ವ ಮೊದಲು, ತಂಪು ಅನಂತರ.

ಫ್ರಿಜ್ ಇಲ್ಲದ ಮನೆಯಲ್ಲಿ ಹಾಲಿನ ಪಾತ್ರೆಯನ್ನು ಮುಚ್ಚಿ, ಒಲೆಯಿಂದ ದೂರವಾದ ತಂಪು ಮೂಲೆಯಲ್ಲಿ, ತಣ್ಣೀರು ತುಂಬಿದ ಅಗಲವಾದ ಬೋಗುಣಿಯೊಳಗೆ ಇರಿಸಿರಿ. ನೀರು ಪಾತ್ರೆಯ ಬಾಯಿಯವರೆಗೆ ಬಾರದಿರಲಿ. ಹೀಗಿಟ್ಟ ಹಾಲನ್ನು 4 ಗಂಟೆಗಳೊಳಗೆ ಕುಡಿಸಬೇಕು. ಬಿರುಬೇಸಗೆಯಲ್ಲಿ ಅಷ್ಟು ಹೊತ್ತು ನಂಬಬೇಡಿ. 2 ಗಂಟೆಗಳೊಳಗೆ ಮುಗಿಸಿರಿ.

ಫ್ರಿಜ್ ಇದ್ದರೆ ಪಾತ್ರೆಯನ್ನು ಬಾಗಿಲಿನಲ್ಲಿಡದೆ ಒಳಗೆ ಹಿಂಬದಿಯಲ್ಲಿಡಿ. ವಿದ್ಯುತ್ ನಿರಂತರವಾಗಿದ್ದರೆ ಹಾಲು 4 ದಿನಗಳವರೆಗೆ ಉಳಿದೀತು. ಆದರೆ ನಮ್ಮ ಹಳ್ಳಿಗಳಲ್ಲಿ ವಿದ್ಯುತ್ ಹೋಗಿ ಬರುವುದರಿಂದ 24 ಗಂಟೆಗಳೊಳಗೆ ಬಳಸುವುದೇ ಕ್ಷೇಮ.

ಹೆಚ್ಚು ದಿನ ಇಡಬೇಕಾದವರು ಫ್ರೀಜರಿನಲ್ಲಿ ಮಂಜುಗಟ್ಟಿಸಬಹುದು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಮಂಜುಗಡ್ಡೆಯ ಖಾನೆಯಲ್ಲಿ 2 ವಾರ, ಪ್ರತ್ಯೇಕ ಬಾಗಿಲುಳ್ಳ ಫ್ರೀಜರಿನಲ್ಲಿ 3 ತಿಂಗಳು ಇಡಬಹುದು. ಒಂದೊಂದು ಪಾತ್ರೆಯಲ್ಲಿ ಒಂದು ವೇಳೆಗೆ ಸಾಕಾಗುವ 60ರಿಂದ 90 ಮಿಲಿಲೀಟರ್ ಮಾತ್ರ ತುಂಬಿಸಿ. ಮಂಜುಗಟ್ಟುವಾಗ ಹಾಲು ಹಿಗ್ಗುವುದರಿಂದ ಮೇಲೆ ಸ್ವಲ್ಪ ಜಾಗ ಬಿಡಿ. ಹಿಂಡಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಹಳೆಯದನ್ನು ಮೊದಲು ಬಳಸಿರಿ.

ಕರಗಿಸುವ ಕ್ರಮ

ಮಂಜುಗಟ್ಟಿದ ಹಾಲನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿಡಿ. ಅಲ್ಲಿ ನಿಧಾನವಾಗಿ ಕರಗುತ್ತದೆ. ಅವಸರವಿದ್ದರೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿರಿ. ಒಲೆಯ ಮೇಲಿಟ್ಟು ಕುದಿಸುವುದು ಬೇಡ. ಕುದಿಸಿದರೆ ರೋಗತಡೆಯ ಅಂಶಗಳು ನಾಶವಾಗುತ್ತವೆ. ಫ್ರಿಜ್ಜಿನಲ್ಲಿ ಪೂರ್ತಿ ಕರಗಿದ ಹಾಲನ್ನು ಅಲ್ಲಿಯೇ ಇಟ್ಟು 24 ಗಂಟೆಗಳೊಳಗೆ, ಹೊರಗೆ ತೆಗೆದ ಅಥವಾ ಬೆಚ್ಚಗೆ ಮಾಡಿದ ಹಾಲನ್ನು 2 ಗಂಟೆಗಳೊಳಗೆ ಬಳಸಬೇಕು. ಕರಗಿದ ಹಾಲನ್ನು ಮತ್ತೆ ಮಂಜುಗಟ್ಟಿಸಕೂಡದು.

ಇಟ್ಟ ಹಾಲಿನಲ್ಲಿ ಕೆನೆ ಮೇಲೆ ತೇಲಿ, ತಳದ ಹಾಲು ತೆಳ್ಳಗೆ, ನೀಲಿ ಛಾಯೆಯಲ್ಲಿ ಕಾಣಬಹುದು. ಅದು ಕೆಟ್ಟ ಲಕ್ಷಣವಲ್ಲ. ಪಾತ್ರೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಮತ್ತೆ ಬೆರೆಯುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಿಬಿಡಿ.

ಕುಡಿಸುವ ಕ್ರಮ

ಬಾಟಲಿಯನ್ನು ಮನೆಗೆ ತರಲೇಬೇಡಿ. ಅದರ ರಬ್ಬರ್ ತೊಟ್ಟಿನ ಸಂದಿಗಳನ್ನು ಪೂರ್ಣವಾಗಿ ಶುಚಿಗೊಳಿಸುವುದು ಕಷ್ಟಸಾಧ್ಯ. ಬಾಟಲಿಗೂ ಡಬ್ಬಿಯ ಹಾಲುಪುಡಿಗೂ ಜಾಹೀರಾತು ನೀಡುವುದನ್ನು 1992ರ ಕಾಯಿದೆಯೇ ನಿಷೇಧಿಸಿದೆ. ನಮ್ಮ ಅಜ್ಜಿಯರು ಬಳಸುತ್ತಿದ್ದ ಒಳಲೆ, ಇಲ್ಲವೇ ಪುಟ್ಟ ಲೋಟ ಅಥವಾ ಚಮಚವೇ ಉತ್ತಮ. ಒಳಲೆಯನ್ನೂ ಪ್ರತಿಸಲ ತೊಳೆದು ಕುದಿಸಬೇಕು. ಮಗುವನ್ನು ತಲೆ ಎತ್ತರವಾಗಿರುವಂತೆ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಹಾಲನ್ನು ಬಾಯಿಗೆ ಸುರಿಯದೆ ತುಟಿಗೆ ತಾಗಿಸಿ, ಅದೇ ಚೀಪಿಕೊಳ್ಳುವಂತೆ ನಿಧಾನವಾಗಿ ಕುಡಿಸಿರಿ. ಮಗು ಬಾಯಿಟ್ಟು ಉಳಿಸಿದ ಹಾಲನ್ನು 2 ಗಂಟೆ ಕಳೆದ ಮೇಲೆ ಕೊಡಬೇಡಿ.

ಪತಿಯ ಹೊಣೆ

ಹಾಲು ತಾಯಿಯದಾದರೂ ಅದನ್ನು ಮಗುವಿಗೆ ತಲುಪಿಸುವ ಹೊಣೆ ಇಬ್ಬರದೂ ಹೌದು. ಪಾತ್ರೆ ಕುದಿಸುವುದು, ಹಿಂಡುವಾಗ ಆಕೆಗೆ ಅರ್ಧ ಗಂಟೆಯ ಬಿಡುವು ಮಾಡಿಕೊಡುವುದು, ಹೊತ್ತು ನೋಡಿ ಕುಡಿಸುವುದು, ಇವು ಗಂಡಸರೂ ಮಾಡಬಹುದಾದ, ಮಾಡಬೇಕಾದ ಕೆಲಸಗಳು.

ಇನ್ನೊಂದು ಮಾತು. ಕೇವಲ ಎದೆಹಾಲೂಡಿಸುವ ತಾಯಿಗೆ, ಮುಟ್ಟು ಮರಳದಿದ್ದರೆ, ಮೊದಲ 6 ತಿಂಗಳು ಗರ್ಭ ನಿಲ್ಲುವ ಸಂಭವ ಕಡಿಮೆ. ಆದರೆ ಮಗು ನೇರವಾಗಿ ಎದೆ ಚೀಪುವುದು ಕಡಿಮೆಯಾದರೆ ಈ ರಕ್ಷಣೆಯೂ ಕುಗ್ಗುತ್ತದೆ. ಆದ್ದರಿಂದ ಹಾಲು ಹಿಂಡಿಟ್ಟು ಕೆಲಸಕ್ಕೆ ಹೋಗುವ ತಾಯಂದಿರು ಇದನ್ನೇ ನೆಚ್ಚಬಾರದು. ನಿರೋಧ್, ಕಾಪರ್-ಟಿ ಮುಂತಾದ ಅಂತರದ ವಿಧಾನಗಳಲ್ಲಿ ನಿಮಗೆ ಹೊಂದುವುದಾವುದೆಂದು ದಂಪತಿಗಳಿಬ್ಬರೂ ಬಂದು ವಿಚಾರಿಸಿರಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಭೇದಿ ಕಾಣಿಸಿಕೊಂಡರೆ ಎದೆಹಾಲನ್ನು ನಿಲ್ಲಿಸದೆ, ಓ.ಆರ್.ಎಸ್. ದ್ರಾವಣ ಕೊಡುತ್ತಾ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ.

ಮೊದಲು ಹೇಳಿದ ಆ ಕೂಸಿನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ತಾಯಿ ಬೆಳಿಗ್ಗೆ ಎದೆಗೆ ಹಾಕಿಕೊಂಡು ಹಾಲೂಡಿಸಿ, ಮತ್ತಷ್ಟು ಹಿಂಡಿಟ್ಟು ಗದ್ದೆಗೆ ಹೋದಳು. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸಿದರು. ಮಧ್ಯಾಹ್ನದ ಊಟದ ವೇಳೆಗೆ ತಂದೆ ಕೂಸನ್ನು ಗದ್ದೆಯ ಬದುವಿಗೆ ಎತ್ತಿ ತಂದ. ತಾಯಿ ಕೈ ತೊಳೆದು ಹಾಲೂಡಿಸಿ, ಸಂಜೆಗೆ ಬೇಕಾದುದನ್ನು ಅಲ್ಲಿಯೇ ಶುಚಿಯಾದ ಪಾತ್ರೆಗೆ ಹಿಂಡಿ ಕಳುಹಿಸಿದಳು. ನಾಟಿಯೂ ಮುಗಿಯಿತು, ಕೂಸಿನ ತೂಕವೂ ಏರಿತು. ಅವರು ಮಾಡಿದುದನ್ನು ನೀವೂ ಮಾಡಬಲ್ಲಿರಿ. ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಹಿಂಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಸಂದೇಹವಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಸಂಪರ್ಕಿಸಿರಿ.