ಅಪರಿಚಿತರ ಜಗಳದಲ್ಲಿ ಆಯುಧ ಪರವಾನಗಿದಾರರ ಹಕ್ಕು ಮತ್ತು ಮಿತಿ

ಆಯುಧ ಪರವಾನಗಿ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು, ಸಾರ್ವಜನಿಕ ಸ್ಥಳದಲ್ಲಿ ಅಪರಿಚಿತರ ನಡುವೆ ಹೊಡೆದಾಟ ನಡೆದಾಗ ತಮ್ಮ ಹಕ್ಕು ಎಲ್ಲಿಯವರೆಗೆ ಇದೆ ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಅವಶ್ಯಕ. ಆಯುಧಗಳ ಅಧಿನಿಯಮ, 1959ರ ಅಡಿಯ ಪರವಾನಗಿಯು ಆಯುಧ ಹೊಂದಲು ನೀಡಿದ ಅನುಮತಿಯೇ ಹೊರತು ಪೊಲೀಸ್ ಅಧಿಕಾರವಲ್ಲ. ಪರವಾನಗಿಯಿಂದ ವಿನಾಯಿತಿ ಪಡೆದಿರುವ ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೂ ಈ ಮಾತು ಅನ್ವಯಿಸುತ್ತದೆ.

ಹಕ್ಕು ಯಾವಾಗ ದೊರೆಯುತ್ತದೆ?

ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 35ರ ಪ್ರಕಾರ ಯಾವುದೇ ವ್ಯಕ್ತಿಯು ತನ್ನ ದೇಹವನ್ನಷ್ಟೇ ಅಲ್ಲದೆ ಇನ್ನೊಬ್ಬರ ದೇಹವನ್ನೂ ಅಪರಾಧದಿಂದ ರಕ್ಷಿಸಬಹುದು. ಆದರೆ ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದಲ್ಲಿ ಈ ಹಕ್ಕು ಇರುವುದಿಲ್ಲ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡತಕ್ಕದ್ದಲ್ಲ (ಕಲಂ 37). ಪ್ರಾಣಹಾನಿಯವರೆಗೆ ಹೋಗಲು ಸಾವು, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದ ಕಲಂ 38ರಲ್ಲಿ ಹೇಳಿರುವ ಸಂದರ್ಭಗಳು ಇರಬೇಕು.

ಉದಾಹರಣೆಗೆ, ವಾಹನ ತಾಗಿದ ಕಾರಣಕ್ಕೆ ಇಬ್ಬರು ಕೈಕೈ ಮಿಲಾಯಿಸಿದರೆ ಆಯುಧ ಹೊರತೆಗೆಯಲು ಆಸ್ಪದವಿಲ್ಲ. ನೆಲಕ್ಕೆ ಬಿದ್ದವನ ಮೇಲೆ ಮಚ್ಚು ಬೀಸುತ್ತಿದ್ದು, ತಡೆಯಲು ಬೇರೆ ದಾರಿಯಿಲ್ಲದಿದ್ದರೆ ಹಕ್ಕು ಉದ್ಭವಿಸಬಹುದು. ಹಲ್ಲೆಕೋರನು ಓಡತೊಡಗಿ ಅಪಾಯದ ಭೀತಿ ಕಳೆದ ಕೂಡಲೇ ದೇಹರಕ್ಷಣೆಯ ಹಕ್ಕು ಕೊನೆಗೊಳ್ಳುತ್ತದೆ (ಕಲಂ 40). ಅವನ ಬೆನ್ನಿಗೆ ಗುಂಡು ಹಾರಿಸುವುದು ರಕ್ಷಣೆ ಎನಿಸದು.

ಎಚ್ಚರ ಏಕೆ?

ನಡುವೆ ಬಂದವರಿಗೆ ಜಗಳದ ಆರಂಭ ತಿಳಿದಿರುವುದಿಲ್ಲ. ಮಚ್ಚು ಹಿಡಿದವನು ಅದನ್ನು ಹಲ್ಲೆಕೋರನಿಂದ ಕಸಿದುಕೊಂಡವನಾಗಿರಬಹುದು; ಇನ್ನೊಬ್ಬನನ್ನು ಹಿಡಿದೆಳೆಯುತ್ತಿರುವವನು ಮಫ್ತಿಯಲ್ಲಿರುವ ಪೊಲೀಸ್ ಸಿಬ್ಬಂದಿಯಾಗಿರಬಹುದು. ಗುರಿ ತಪ್ಪಿದ ಗುಂಡಿಗೆ ದಾರಿಹೋಕರು ಬಲಿಯಾಗಬಹುದು.

ಆಯುಧ ನಿಯಮಗಳು, 2016 ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಝಳಪಿಸುವುದನ್ನು ನಿಷೇಧಿಸಿವೆ. ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಬಂದೂಕು ಬಳಸಿದರೆ, 2019ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಕಾರಾವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿಯನ್ನು ಅಮಾನತುಗೊಳಿಸಲು ಅಥವಾ ರದ್ದುಪಡಿಸಲು ಸಹ ಅವಕಾಶವಿದೆ.

ಪ್ರಾಣಾಪಾಯದ ಕ್ಷಣದಲ್ಲಿ ಪ್ರತಿ ಹೆಜ್ಜೆಯನ್ನೂ ತಕ್ಕಡಿಯಲ್ಲಿ ತೂಗಿ ಇಡಬೇಕೆಂದು ನಿರೀಕ್ಷಿಸಲಾಗದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದಾಗ್ಯೂ, ರಕ್ಷಣೆಗಾಗಿಯೇ ಕೃತ್ಯ ನಡೆಯಿತೆಂದು ತೋರಿಸುವ ಹೊಣೆಯು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 108ರಂತೆ ಆರೋಪಿಯದ್ದೇ ಆಗಿರುತ್ತದೆ.

ಅನುಸರಿಸಬೇಕಾದ ಕ್ರಮ

1. ಕೂಡಲೇ 112ಕ್ಕೆ ಕರೆ ಮಾಡಿ ಸ್ಥಳದ ಗುರುತು ತಿಳಿಸುವುದು.
2. ಸುರಕ್ಷಿತ ಅಂತರದಲ್ಲಿ ನಿಂತು ಕೂಗಿ, ಸುತ್ತಲಿನವರನ್ನು ಎಚ್ಚರಿಸುವುದು.
3. ತನ್ನ ಎದುರಿನಲ್ಲೇ ಜಾಮೀನುರಹಿತ ಸಂಜ್ಞೇಯ ಅಪರಾಧ ಎಸಗಿದವನನ್ನು ಹಿಡಿದಲ್ಲಿ, ವಿಳಂಬ ಮಾಡದೆ 6 ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸುವುದು.
4. ಪೊಲೀಸರು ಬಂದಾಗ ಕೈಯಲ್ಲಿ ಆಯುಧ ಹಿಡಿದು ನಿಲ್ಲದಿರುವುದು. ಕಂಡದ್ದನ್ನು ಕಂಡಂತೆ ತಿಳಿಸುವುದು.

ಬಹುತೇಕ ಜಗಳಗಳಲ್ಲಿ ಪರವಾನಗಿದಾರರು ಸಲ್ಲಿಸಬಹುದಾದ ನೆರವು ಒಂದು ದೂರವಾಣಿ ಕರೆ ಮತ್ತು ಸತ್ಯವಾದ ಸಾಕ್ಷ್ಯ. ಆಯುಧವು, ಬೇರಾವ ಮಾರ್ಗವೂ ಉಳಿಯದಿದ್ದಾಗ ಒಂದು ಜೀವ ಉಳಿಸಲು ಮಾತ್ರ.