ಪಾದದ ಕ್ಲಿನಿಕ್ಕಿನ ಲೆಕ್ಕ: ಕಾಸರಗೋಡಿನಿಂದ ಒಂದು ನೋಟ

ಕನ್ನಡ ಎಂ.ಎ. ವಿದ್ಯಾರ್ಥಿಗೆ ಪಾದದ ಆರೈಕೆಯ ಉಸಾಬರಿ ಯಾಕೆ ಅಂತ ಕೇಳಬಹುದು. ಗಡಿನಾಡಿನ ಭಾಷೆಯ ಚರ್ಚೆ ಶಾಲೆ, ನಾಮಫಲಕಗಳಲ್ಲೇ ನಿಂತುಬಿಡುತ್ತದೆ. ಕ್ಲಿನಿಕ್ಕಿನ ಒಳಗೆ ಹೋಗುವುದು ಕಡಿಮೆ. ಹಾಗಾಗಿ ಈ ವಿಷಯ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳಬಹುದು. ಚಪ್ಪಲಿಯೊಳಗಿನ ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಆಣಿಯ ಅಡಿಯಲ್ಲಿ ಹುಣ್ಣಾಗಿ, ಸೋಂಕು ಎಲುಬಿಗೆ ಇಳಿದರೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾದೀತು. ತಡೆಯುವ ಕೆಲಸ ದೊಡ್ಡದಲ್ಲ: 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪರೀಕ್ಷೆ, ದಪ್ಪಗಟ್ಟಿದ ಚರ್ಮ ಹೆರೆಯುವುದು, ಮೆತ್ತನೆಯ ಎಂಸಿಆರ್ ಚಪ್ಪಲಿ. ಆದರೆ ಸಮಯ ಹಿಡಿಯುತ್ತದೆ.

ತೊಡಕು ಇಲ್ಲೇ. ಒಂದು ಊಹೆಯ ಲೆಕ್ಕ ಹಾಕೋಣ. ಬಾಡಿಗೆ 12,000, ಸಹಾಯಕಿಯ ಸಂಬಳ 15,000, ಬ್ಯಾಂಡೇಜು, ಕರೆಂಟು, ಉಪಕರಣದ ಖರ್ಚು 13,000. ಒಟ್ಟು ತಿಂಗಳಿಗೆ 40,000 ರೂಪಾಯಿ. 25 ದಿನ ತೆರೆದರೆ ದಿನಕ್ಕೆ 1,600. ಒಬ್ಬರಿಂದ 200 ರೂಪಾಯಿ ತೆಗೆದುಕೊಂಡರೆ 8 ಮಂದಿ, ತಲಾ ಅರ್ಧ ಗಂಟೆಯಂತೆ 4 ಗಂಟೆ. ಇಷ್ಟು ದುಡಿದರೂ ಖರ್ಚು ಮಾತ್ರ ಹುಟ್ಟಿತು. ಸಾಲದ ಕಂತು, ಸ್ವಂತ ಹೊಟ್ಟೆಪಾಡು ಆಮೇಲಿನ ಮಾತು.

ಪೈಪೋಟಿ ಇನ್ನೊಬ್ಬ ಪಾದತಜ್ಞರದ್ದಲ್ಲ. ಒಂದು ಕಡೆ ಮೆಡಿಕಲ್ ಶಾಪಿನ ಆಣಿ ಪಟ್ಟಿ. ಅದರಲ್ಲಿರುವ ಆಮ್ಲ, ಸ್ಪರ್ಶವಿಲ್ಲದ ಪಾದವನ್ನು ಸುಟ್ಟು ಹುಣ್ಣು ಮಾಡಬಲ್ಲದು. ಇನ್ನೊಂದು ಕಡೆ ಸುಮಾರು 50 ಕಿ.ಮೀ. ದೂರದ ಮಂಗಳೂರಿನ ದೊಡ್ಡ ಆಸ್ಪತ್ರೆಗಳು. ಅವುಗಳಿಗೆ ಪಾದದ ವಿಭಾಗದ ನಷ್ಟವನ್ನು ಬೇರೆ ವಿಭಾಗದಿಂದ ತುಂಬಿಸಿಕೊಳ್ಳಲು ಸಾಧ್ಯ. ಒಂದೇ ಕೋಣೆಯ ಕ್ಲಿನಿಕ್ಕಿಗೆ ಆ ದಾರಿ ಇಲ್ಲ. ಆದರೆ ಮಂಗಳೂರೊಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದು 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಗೊತ್ತಾಯಿತು.

ಆಯುಷ್ಮಾನ್ ಭಾರತದಂಥ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುತ್ತದೆ. ಅಂದರೆ ಕಾಲು ತೆಗೆಯಲು ಹಣ ಸಿಗಬಹುದು, ಆಣಿ ಹೆರೆಸಲು ಕೈಯಿಂದಲೇ ಹಾಕಬೇಕು. ಬಡವರು ಎರಡನೇ ಸಲ ಬರುವುದಿಲ್ಲ.

ಇನ್ನು ಭಾಷೆ. "ಹತ್ತಿಯ ಮೇಲೆ ನಡೆದ ಹಾಗಾಗ್ತದೆ" ಅಂತ ಅಜ್ಜಿ ಹೇಳಿದ್ದು ಕೇಳುವವರಿಗೆ ತಿಳಿಯಬೇಕು. ದಿನಾ ಅಂಗಾಲು ನೋಡಿಕೊಳ್ಳಿ ಅನ್ನುವುದು ಅಜ್ಜಿಗೂ ತಿಳಿಯಬೇಕು. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಊರಿನ ಸಣ್ಣ ಕ್ಲಿನಿಕ್ಕಿನ ನಿಜವಾದ ಬಂಡವಾಳ ಇದೇ. ಆದರೆ ಹೀಗೆ ಮಾತಾಡಿದ ಹೊತ್ತಿಗೆ ಬಿಲ್ ಹಾಕುವ ಕ್ರಮವಿಲ್ಲ. ಭಾಷೆಯ ಹಕ್ಕಿನ ಬಗ್ಗೆ ಮಾತಾಡುವಾಗ ನಾವು ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು ಅನ್ನುವುದು ನನ್ನ ವಿನಂತಿ.