ಎಲೆಕ್ಟ್ರಿಕಲ್‌ನಲ್ಲಿ ಯಾವ ದಾರಿ? ಮಗಳ ಜೊತೆ ನೀವೂ ಕೂತು ನೋಡಿ

ಸಿಇಟಿ ಮುಗಿದು, ಮಗಳಿಗೆ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಟು ಸಿಕ್ಕಾಗ ‘ಸದ್ಯ, ಒಂದು ದಡ ಸೇರಿದಳು’ ಅಂತ ನಿಟ್ಟುಸಿರು ಬಿಟ್ಟಿರುತ್ತೀರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಬೆಳಗಿನ ಬಸ್ಸು ಹಿಡಿದು ಮೈಸೂರಿನ ಕಾಲೇಜಿಗೆ ಹೋಗುವ ಮಗಳಿಗೆ ಡಬ್ಬಿ ಕಟ್ಟಿಕೊಡುವುದರಲ್ಲೇ ಎರಡು ವರ್ಷ ಕಳೆದುಹೋಗುತ್ತೆ. ಮೂರನೇ ವರ್ಷಕ್ಕೆ ಕಾಲಿಟ್ಟ ಮೇಲೆ ಒಂದು ದಿನ ಅವಳು ಕೇಳುತ್ತಾಳೆ: ‘ಅಮ್ಮಾ, ಎಲೆಕ್ಟಿವ್ ಯಾವುದು ತಗೊಳ್ಳಲಿ? ಪವರ್ ಸಿಸ್ಟಮ್ಸಾ, ಎಂಬೆಡೆಡ್ಡಾ?’

ಮನೆಯಲ್ಲಿ ಎಲ್ಲರೂ ಒಂದೊಂದು ಹೇಳೋರೇ. ‘ಸಾಫ್ಟ್‌ವೇರ್ ಕಡೆಯದ್ದೇ ತಗೋ’ ಅಂತ ಚಿಕ್ಕಪ್ಪ. ‘ಹೆಣ್ಣುಮಗು ಕರೆಂಟ್ ಕಂಬ ಹತ್ತೋದಾ?’ ಅಂತ ಅಜ್ಜಿ. ‘ನನಗೇನೂ ಗೊತ್ತಾಗಲ್ಲಪ್ಪ’ ಅಂತ ನೀವು ಸುಮ್ಮನಾಗಿಬಿಟ್ಟರೆ, ಅವಳ ಇಷ್ಟ ಏನು ಅಂತ ಕೇಳುವವರೇ ಇರುವುದಿಲ್ಲ. ಗೊತ್ತಾಗಲ್ಲ ಅನ್ನಬೇಡಿ. ನಿಮಗೆ ಗೊತ್ತಿರುವ ವಸ್ತುಗಳಲ್ಲೇ ಈ ವಿಷಯವೆಲ್ಲ ಅಡಗಿದೆ.

ಮನೆಯೊಳಗೇ ಇದೆ ಸಿಲಬಸ್

ಪವರ್ ಸಿಸ್ಟಮ್ಸ್: ಕರೆಂಟ್ ಉತ್ಪಾದನೆಯಾದ ಜಾಗದಿಂದ ನಿಮ್ಮ ಮೀಟರ್ ಬೋರ್ಡಿನವರೆಗಿನ ದಾರಿ. ಸಬ್‌ಸ್ಟೇಷನ್, ಟ್ರಾನ್ಸ್‌ಫಾರ್ಮರ್, ಲೈನು ಎಲ್ಲ ಇದರಲ್ಲಿ ಬರುತ್ತೆ. ಕಬಿನಿ ಅಣೆಕಟ್ಟಿನ ಬಳಿಯ ವಿದ್ಯುತ್ ಘಟಕದಿಂದ ಹಿಡಿದು ಊರಾಚೆಯ ಪಂಪ್‌ಸೆಟ್ಟಿನವರೆಗೆ ಇದೇ ಓದು.

ಪವರ್ ಎಲೆಕ್ಟ್ರಾನಿಕ್ಸ್: ಕರೆಂಟ್ ಹೋದ ಕೂಡಲೇ ಶುರುವಾಗುವ ಯುಪಿಎಸ್, ಇನ್ವರ್ಟರ್ ಫ್ರಿಜ್, ಮಗ ಕೇಳುತ್ತಿರುವ ಬ್ಯಾಟರಿ ಸ್ಕೂಟರ್. ಚಾವಣಿಯ ಸೋಲಾರ್ ಫಲಕದಲ್ಲಿ ಹುಟ್ಟುವ ಡಿ.ಸಿ. ಕರೆಂಟನ್ನು ಮನೆಗೆ ಬೇಕಾದ ಎ.ಸಿ.ಗೆ ಬದಲಿಸುವುದೂ ಇದೇ.

ಕಂಟ್ರೋಲ್ ಮತ್ತು ಆಟೊಮೇಷನ್: ವಾಷಿಂಗ್ ಮೆಷಿನ್ನಿಗೆ ನೀರು ಸಾಕು, ಇನ್ನು ನಿಲ್ಲಿಸು ಅಂತ ಹೇಳೋರು ಯಾರು? ಗೀಸರ್ ತಾನಾಗೇ ಆಫ್ ಆಗೋದು ಹೇಗೆ? ಅದೇ ಲೆಕ್ಕ ದೊಡ್ಡದಾದರೆ ಅಕ್ಕಿ ಗಿರಣಿ, ನಂಜನಗೂಡಿನ ಕಾರ್ಖಾನೆ.

ಎಂಬೆಡೆಡ್, ವಿಎಲ್‌ಎಸ್‌ಐ: ಆ ಮೆಷಿನ್ನಿನ ಒಳಗಿರುವ ಪುಟ್ಟ ಚಿಪ್ಪು, ಅದಕ್ಕೆ ಬರೆಯುವ ಪ್ರೋಗ್ರಾಂ. ಇದರ ಕೆಲಸ ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರಲ್ಲಿ.

ಕಂಬ ಹತ್ತೋದು ಯಾರು?

ಅಜ್ಜಿಯ ಭಯಕ್ಕೆ ಉತ್ತರ ಹೇಳಿಬಿಡಿ. ಕಂಬ ಹತ್ತುವುದು ಪವರ್‌ಮ್ಯಾನ್‌ಗಳ ಕೆಲಸ. ಎಂಜಿನಿಯರ್ ಮಾಡುವುದು ಯೋಜನೆ, ಅಂದಾಜುಪಟ್ಟಿ, ಉಸ್ತುವಾರಿ. ಹಾಗಂತ ಸುಖದ ಕೆಲಸ ಅಂತಲೂ ಅಲ್ಲ. ಗಾಳಿ ಮಳೆಗೆ ಲೈನು ಹರಿದರೆ ರಾತ್ರಿಯೂ ಫೋನ್ ಬರುತ್ತೆ, ವರ್ಗಾವಣೆಯೂ ಇರುತ್ತೆ. ಇದನ್ನು ಮುಚ್ಚಿಡದೆ ಮಗಳಿಗೆ ಹೇಳಿ, ತೀರ್ಮಾನ ಅವಳೇ ಮಾಡಲಿ.

2005ರಲ್ಲಿ ಶುರುವಾದ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. 2022ರಲ್ಲಿ ಕೆಪಿಟಿಸಿಎಲ್ ಅರ್ಜಿ ಕರೆದಾಗ ಸಹಾಯಕ ಎಂಜಿನಿಯರ್ ಎಲೆಕ್ಟ್ರಿಕಲ್ ಹುದ್ದೆಗಳೇ 505 ಇದ್ದವು. ಇಂಥ ನೇಮಕಾತಿ ವರ್ಷಾ ವರ್ಷ ನಡೆಯುವುದಿಲ್ಲ, ಅದನ್ನೊಂದನ್ನೇ ನಂಬಿ ಕೂರಬಾರದು.

ದಾರಿ ತೋರಿದ ಇಬ್ಬರು

ಭಾರತದ ಮೊದಲ ಮಹಿಳಾ ಎಂಜಿನಿಯರ್‌ಗಳಲ್ಲಿ ಒಬ್ಬರಾದ ಎ. ಲಲಿತಾ ಓದಿದ್ದು ಎಲೆಕ್ಟ್ರಿಕಲ್ಲೇ. 15ಕ್ಕೆ ಮದುವೆ, 18ಕ್ಕೆ ಗಂಡ ಇಲ್ಲ, ಕೈಯಲ್ಲಿ ಪುಟ್ಟ ಹೆಣ್ಣು ಕೂಸು. ಆಮೇಲೆ 1940ರ ದಶಕದಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಮಾರ್ಗಗಳಿಗೆ ಕೆಲಸ ಮಾಡಿದರು. ನಮ್ಮ ಕನ್ನಡತಿ ರಾಜೇಶ್ವರಿ ಚಟರ್ಜಿ 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದವರು. ಮುಂದೆ ಅವರು ಹಿಡಿದದ್ದು ಮೈಕ್ರೋವೇವ್ ಮತ್ತು ಆಂಟೆನಾ. ಒಬ್ಬರು ದೊಡ್ಡ ಲೈನು, ಇನ್ನೊಬ್ಬರು ಕಣ್ಣಿಗೆ ಕಾಣದ ಅಲೆ. ಇದು ಹೆಣ್ಣಿಗೆ, ಅದು ಗಂಡಿಗೆ ಅಂತ ಈ ವಿದ್ಯೆಯಲ್ಲಿ ಇಲ್ಲ.

ಮಗಳನ್ನು ಇಷ್ಟು ಕೇಳಿ

* ಹಿಂದಿನ ಸೆಮಿಸ್ಟರುಗಳಲ್ಲಿ ಯಾವ ಲ್ಯಾಬ್‌ಗೆ ಖುಷಿಯಿಂದ ಹೋಗುತ್ತಿದ್ದೆ? ಮೆಷಿನ್ ಲ್ಯಾಬಾ, ಮೈಕ್ರೋಕಂಟ್ರೋಲರ್ ಲ್ಯಾಬಾ? ಮಾರ್ಕ್ಸಿಗಿಂತ ಈ ಉತ್ತರ ಮುಖ್ಯ.
* ಪಟ್ಟಿಯಲ್ಲಿರುವ ಎಲೆಕ್ಟಿವ್‌ಗಳನ್ನೆಲ್ಲ ನಿಮ್ಮ ಕಾಲೇಜಲ್ಲಿ ನಿಜವಾಗಿ ನಡೆಸುತ್ತಾರಾ? ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಕೆಲವನ್ನು ಕೈಬಿಡುವುದುಂಟು. ಸ್ವಾಯತ್ತ ಕಾಲೇಜಾದರೆ ಪಟ್ಟಿಯೇ ಬೇರೆ ಇರುತ್ತೆ.
* ಪಾಠ ಮಾಡುವವರು ಯಾರು? ಸೀನಿಯರ್‌ಗಳು ಏನಂತಾರೆ?
* ಗೇಟ್ ಬರೆದು ಎಂ.ಟೆಕ್. ಮಾಡುವ ಆಸೆ ಇದೆಯಾ? ನಿಜವಾದ ಸ್ಪೆಷಲೈಸೇಷನ್ ಶುರುವಾಗುವುದೇ ಅಲ್ಲಿ.
* ಪ್ರಾಜೆಕ್ಟ್ ಏನು ಮಾಡ್ತೀಯ? ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವುದು ಬೇಡ. ನಾಗರಹೊಳೆ ಕಾಡಂಚಿನ ಸೋಲಾರ್ ಬೇಲಿ, ತೋಟದ ಪಂಪ್‌ಸೆಟ್ ನಮ್ಮ ಸುತ್ತಲೇ ಇವೆ. ಕೈಯಾರೆ ಮಾಡಿದ್ದನ್ನು ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಹೇಳಬಹುದು.

ಒಂದು ಮಾತು ನೆನಪಿರಲಿ. ಯಾವ ಎಲೆಕ್ಟಿವ್ ತಗೊಂಡರೂ ಡಿಗ್ರಿಯ ಹೆಸರು ಒಂದೇ, ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ಸಹಾಯಕ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕುವಾಗ ಕೇಳುವುದು ಆ ಡಿಗ್ರಿಯನ್ನು. ಕ್ಯಾಂಪಸ್ಸಿಗೆ ಬರುವ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳೂ ಬ್ರ್ಯಾಂಚ್ ನೋಡದೆ, ಲೆಕ್ಕ ಮತ್ತು ಕೋಡಿಂಗ್ ಬರುತ್ತಾ ಅಂತ ನೋಡುತ್ತವೆ. ಪವರ್ ಸಿಸ್ಟಮ್ಸ್ ತಗೊಂಡಳು ಅಂತ ಸಾಫ್ಟ್‌ವೇರ್ ಬಾಗಿಲು ಮುಚ್ಚುವುದಿಲ್ಲ, ಎಂಬೆಡೆಡ್ ತಗೊಂಡಳು ಅಂತ ಸರ್ಕಾರಿ ಕೆಲಸ ತಪ್ಪುವುದಿಲ್ಲ. ಆದರೆ ಇಷ್ಟವಿಲ್ಲದ್ದನ್ನು ಬಲವಂತಕ್ಕೆ ಓದಿ ಸಬ್ಜೆಕ್ಟ್ ಉಳಿಸಿಕೊಂಡರೆ ಮಾತ್ರ ಎಲ್ಲ ಬಾಗಿಲೂ ಬಿಗಿಯಾಗುತ್ತೆ.

ಫಾರಂ ತುಂಬುವ ಹಿಂದಿನ ರಾತ್ರಿ ಟೀವಿ ಆಫ್ ಮಾಡಿ, ಅವಳ ಪಕ್ಕ ಅರ್ಧ ಗಂಟೆ ಕೂರಿ. ಮೇಲಿನ ಪ್ರಶ್ನೆ ಕೇಳಿ, ಅವಳು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ. ಚಿಕ್ಕಪ್ಪನಿಗೆ ಮಾರನೇ ದಿನ ನೀವೇ ತಿಳಿಸಿ ಹೇಳಿದರಾಯ್ತು.